ಕರಗೂದಿಲ್ಲ ಖರೆ, ಮತ್ತ ಪಿಸ್ಟನ್ ಮೆತ್ತಗ ಯಾಕ ಆಗ್ತದ?

ಪ್ರಶ್ನೆ: ಸರ, ಹುಬ್ಬಳ್ಳಿ ತಾರಿಹಾಳದಾಗ ನಮ್ಮದೊಂದು ಸಣ್ಣ ಅಲ್ಯೂಮಿನಿಯಂ ಫೌಂಡ್ರಿ ಐತ್ರಿ, ಅಪ್ಪಾರು ಚಾಲೂ ಮಾಡಿದ್ದು. ಪಂಪಿನ ಬಾಡಿ, ಪುಲ್ಲಿ, ಮೋಟರ್ ಕವರ್ ಹೊಯ್ತೀವಿ. ಈಗ ಒಂದು ಪಾರ್ಟಿ ಹಳೇ ಡೀಸೆಲ್ ಕಾರು, ಪಿಕಪ್ ಗಾಡಿಗೆ ಬದಲಿ ಪಿಸ್ಟನ್ ಮಾಡಿಕೊಡ್ರಿ ಅಂದ್ರು. ಎಲ್‌ಎಂ13 ಅನ್ನೂ ಅಲ್ಯೂಮಿನಿಯಂ-ಸಿಲಿಕಾನ್ ಅಲಾಯ್‌ನ್ಯಾಗ 90 ಎಂಎಂ ಪಿಸ್ಟನ್ ಹೊಯ್ದು, 165 ಡಿಗ್ರಿಗೆ 5 ತಾಸು ಏಜಿಂಗ್ (ಕಾವಿನ್ಯಾಗ ಇಟ್ಟು ಗಟ್ಟಿ ಮಾಡೂದು) ಮಾಡಿ ಕೊಟ್ವಿ, ಗಡಸುತನ ಬ್ರಿನೆಲ್ ಅಳತಿಗೆ 120 ಬಂದಿತ್ತು, ಖುಷಿ ಆಗಿದ್ವಿ. ಟೆಸ್ಟ್ ಬೆಂಚಿನ ಮ್ಯಾಲೆ 150 ತಾಸು ಓಡಿಸಿ ಬಿಚ್ಚಿ ನೋಡಿದ್ರ ಮೊದಲನೇ ರಿಂಗ್ ಗ್ರೂವ್ (ರಿಂಗ್ ಕೂಡೂ ಕಚ್ಚು) ಅಗಲ ಆಗೇತಿ, ಒಂದು ಪಿಸ್ಟನ್ ಲೈನರಿಗೆ, ಅಂದ್ರ ಸಿಲಿಂಡರಿನ ಒಳಗಿನ ಕೊಳವಿಗೆ, ಹಿಡಕೊಂಡು ಜಾಮ್ ಆಗೇತಿ. ಅಲ್ಯೂಮಿನಿಯಂ ಕರಗೂದು 660 ಡಿಗ್ರಿಗೆ, ಪಿಸ್ಟನ್ ತಲಿ 350–400 ದಾಟೂದಿಲ್ಲ ಅಂತಾರ, ಮತ್ತ ಹಿಂಗ್ಯಾಕ? ಟೈಟೇನಿಯಂ ಇಲ್ಲಾ ಸ್ಕ್ಯಾಂಡಿಯಂ ಹಾಕಿ ನಮ್ದ ಒಂದು ಹಗುರ, ಕಾವು ತಡಿಯೂ ಅಲಾಯ್ ಮಾಡಬಹುದೇನ್ರಿ?

ಉತ್ತರ: ನಿಮ್ಮ ಪ್ರಶ್ನಿ ಓದಿ ಮೊದ್ಲ ನಕ್ಕೆ, ತಪ್ಪು ತಿಳೀಬ್ಯಾಡ್ರಿ, ಮೂವತ್ತು ವರ್ಷದ ಹಿಂದ ನಾನೂ ನನ್ನ ಮೇಲಿನವರಿಗೆ ಇದ ಪ್ರಶ್ನಿ ಕೇಳಿದ್ದೆ, 660 ಎಲ್ಲಿ 350 ಎಲ್ಲಿ, ನಡುವ ಇಷ್ಟು ಜಾಗ ಅದ, ಮತ್ತ ಹೆದ್ರೂದ್ಯಾಕ ಅಂತ. ಅವರು ಏನೂ ಹೇಳಲಿಲ್ಲ, ಒಂದು ಸುಟ್ಟ ಟ್ರ್ಯಾಕ್ಟರ್ ಪಿಸ್ಟನ್ ಕೈಯಾಗ ಕೊಟ್ಟು ಉದ್ದಕ ಕೊಯ್ಕೊಂಡು ಬಾ ಅಂದ್ರು. ಅದರ ಸುದ್ದಿ ಆಮ್ಯಾಲೆ ಹೇಳ್ತೇನಿ.

ಕರಗೂ ಬಿಂದು ಇಲ್ಲೆ ಲೆಕ್ಕಕ್ಕ ಬರೂದ ಇಲ್ಲ. ನಿಮ್ಮ ಪಿಸ್ಟನ್ನಿಗೆ 120 ಬ್ರಿನೆಲ್ ಬಂದದ್ದು ಅಲ್ಯೂಮಿನಿಯಂ ಗಟ್ಟಿ ಅದ ಅಂತಲ್ಲ, ಅಚ್ಚ ಅಲ್ಯೂಮಿನಿಯಂ ಬೆಂಡಿನಂಥಾ ಲೋಹ, ಅದು ಬಂದದ್ದು ನೀವು ಕ್ವೆಂಚ್ ಮಾಡಿ, ಅಂದ್ರ ಕಾಸಿದ್ದನ್ನ ಒಮ್ಮೆಲೆ ನೀರಿಗೆ ಅದ್ದಿ, ಏಜಿಂಗ್ ಮಾಡಿದಾಗ ಒಳಗ ಹುಟ್ಟಿದ ಸಣ್ಣ ಸಣ್ಣ ಕಣದಿಂದ. ತಾಮ್ರದ್ದು ಒಂದು ಜಾತಿ, ಮೆಗ್ನೀಷಿಯಂ-ಸಿಲಿಕಾನಿಂದು ಇನ್ನೊಂದು ಜಾತಿ, ನ್ಯಾನೋಮೀಟರ್ ಲೆಕ್ಕದ್ದು, ಸಾದಾ ಮೈಕ್ರೋಸ್ಕೋಪಿಗೂ ಕಾಣೂದಿಲ್ಲ. ಲೋಹ ಬಾಗಬೇಕಂದ್ರ ಅದರೊಳಗಿನ ಅಣುಗಳ ಸಾಲು ಜರೀಬೇಕು, ಈ ಕಣ ರಸ್ತೆದಾಗಿನ ಕಲ್ಲಿನ ಗತೆ ಅಡ್ಡ ಕುಂತು ಜರೀಲಿಕ್ಕೆ ಬಿಡೂದಿಲ್ಲ. ಕಲ್ಲು ಹತ್ತಿರ ಹತ್ತಿರ ಇದ್ದಷ್ಟು ದಾರಿ ಬಂದ್. ಇದನ್ನ ಮೊದ್ಲ ಕಂಡವರು ಜರ್ಮನಿಯ ಆಲ್ಫ್ರೆಡ್ ವಿಲ್ಮ್, 1906ರಾಗ, ಕ್ವೆಂಚ್ ಮಾಡಿ ಇಟ್ಟ ತುಂಡು ಒಂದೆರಡು ದಿನ ಬಿಟ್ಟು ನೋಡಿದ್ರ ತಾನ ಗಟ್ಟಿ ಆಗಿತ್ತಂತ. ಯಾಕ ಅಂತ ಅವರಿಗೂ ಆವಾಗ ಗೊತ್ತಾಗಲಿಲ್ಲ, ಅವರ ಡ್ಯೂರಾಲುಮಿನ್ ಅನ್ನೂ ಅಲಾಯ್ ಮಾತ್ರ ವಿಮಾನ ಹಾರಿಸ್ತು.

ಈಗ ಕಾವು ಕೊಡ್ರಿ. ಬ್ಯಾಸಿಗ್ಯಾಗ ಕರೆಂಟ್ ಹೋಗಿ ಬಂದು ಮಾಡಿದಾಗ ಫ್ರಿಜ್ಜಿನ್ಯಾಗಿನ ಐಸ್‌ಕ್ರೀಂ ಏನಾಗ್ತದ ನೋಡೀರಿ? ಕರಗಿ ನೀರಾಗಿರೂದಿಲ್ಲ, ಆದ್ರ ಮರದಿನ ತಿಂದ್ರ ನಾಲಿಗಿಗೆ ಹರಳು ಹರಳು ಹತ್ತತಾವು. ಸಣ್ಣ ಹಿಮದ ಹರಳು ಕರಗಿ ದೊಡ್ಡ ಹರಳಿಗೆ ಹೋಗಿ ಕೂಡ್ಯಾವು, ಒಟ್ಟು ಹಿಮ ಅಷ್ಟ ಅದ, ಹರಳಿನ ಸಂಖ್ಯಾ ಕಮ್ಮಿ ಆಗೇದ. ಪಿಸ್ಟನ್ ತಲಿಯೊಳಗೂ ಹಂಗ, 200 ಡಿಗ್ರಿ ದಾಟಿದ ಮ್ಯಾಲೆ ತಾಮ್ರದ ಅಣು ಓಡಾಡಲಿಕ್ಕೆ ಶುರು ಮಾಡ್ತಾವು, ಸಣ್ಣ ಕಣ ಮಾಯ, ದೊಡ್ಡ ಕಣ ಇನ್ನೂ ದೊಡ್ಡದು, ನೂರು ಕಲ್ಲು ಇದ್ದ ರಸ್ತೆದಾಗ ಈಗ ನಾಕು ದೊಡ್ಡ ಬಂಡೆಗಲ್ಲು, ನಡುವ ಟ್ರಕ್ ಹೋಗೂವಷ್ಟು ಜಾಗ. ಲೋಹ ಮೆತ್ತಗಾತು. ಕರಗೂದರ ಸುದ್ದೀನ ಇಲ್ಲ ಇಲ್ಲೆ.

ನಿಮ್ಮ ಜಾಮ್ ಆದ ಪಿಸ್ಟನ್ನಿಗೆ ಬರೂಣು. 165ಕ್ಕೆ 5 ತಾಸು ಅಂದ್ರ ಏಜಿಂಗ್ ಅರ್ಧಾ ಮುಗದಾಗ ಒಲಿಯಿಂದ ತೆಗದ್ರಿ ಅಂತ ಆತು. ಉಳದ ಅರ್ಧಾ ಏಜಿಂಗ್ ಎಂಜಿನ್ ಒಳಗ ನಡೀತು. ಕಣ ಹೊರಗ ಬೀಳೂ ಮುಂದ ಲೋಹ ಒಂದೀಟು ಹಿಗ್ಗತದ, ಕಾವಿಗೆ ಹಿಗ್ಗಿ ತಣ್ಣಗಾದ ಮ್ಯಾಲೆ ಕುಗ್ಗೂ ಹಿಗ್ಗಲ್ಲ ಇದು, ಕಾಯಂ ಹಿಗ್ಗು. ನಮ್ಮ ಮಂದಿ ಇದಕ್ಕ ಗ್ರೋಥ್ ಅಂತಾರ. ಸಾವಿರಕ್ಕ ಒಂದು ಪಾಲು ಬೆಳದ್ರೂ 90 ಎಂಎಂ ಪಿಸ್ಟನ್ 0.09 ಎಂಎಂ ದಪ್ಪ ಆತು, ಸ್ಕರ್ಟಿಗೂ (ಪಿಸ್ಟನ್ನಿನ ಕೆಳಗಿನ ಮೈ) ಲೈನರಿಗೂ ನಡುವ ನೀವು ಬಿಟ್ಟ ಸಂದಿ ಎಷ್ಟು, ಅದನ್ನ ಡ್ರಾಯಿಂಗಿನ್ಯಾಗ ನೋಡ್ಕೊರಿ. ಜಾಮ್ ಆಗಲಿಕ್ಕೆ ಇದೊಂದ ಕಾರಣ ಅಂತ ನಾ ಹೇಳೂದಿಲ್ಲ, ಎಣ್ಣಿ ಹೋಗಿರಲಿಲ್ಲೇನು, ಲೈನರ್ ಹೋನಿಂಗ್ ಸರೀ ಇತ್ತೇನು, ಅದನ್ನೂ ನೋಡಬೇಕು, ಆದ್ರ ನಾ ಮೊದ್ಲ ಬೆರಳು ತೋರ್ಸೂದು ಏಜಿಂಗ್ ಕಡೆ.

ಎಲ್‌ಎಂ13ಗೆ ಎರಡು ರೀತಿ ಹೀಟ್ ಟ್ರೀಟ್‌ಮೆಂಟ್ ಅದಾವು. ಎರಡಕ್ಕೂ ಮೊದ್ಲ 515ರಿಂದ 525 ಡಿಗ್ರಿಗೆ 8 ತಾಸು ಸೊಲ್ಯೂಷನ್, ಅಂದ್ರ ತಾಮ್ರ, ಮೆಗ್ನೀಷಿಯಂ ಗಟ್ಟಿ ಲೋಹದೊಳಗ ಬೆರಿಯೂವಂಗ ಕಾಸೂದು, ಆಮ್ಯಾಲೆ 70–80 ಡಿಗ್ರಿ ಬಿಸಿ ನೀರಿನ್ಯಾಗ ಕ್ವೆಂಚ್. ಬ್ಯಾರೆ ಆಗೂದು ಮುಂದ. ಟಿಎಫ್ ಅನ್ನೂದ್ರಾಗ 160–180ಕ್ಕೆ ಏಜಿಂಗ್, ಗಡಸುತನ 100 ಮ್ಯಾಲೆ, ನೋಡಲಿಕ್ಕೆ ಭಾಳ ಛಂದ. ಟಿಎಫ್7 ಅನ್ನೂದ್ರಾಗ 200–250ಕ್ಕೆ ಏಜಿಂಗ್, ಗಡಸುತನ 65ರಿಂದ 85ಕ್ಕೆ ಇಳೀತದ. ಕಮ್ಮಿ ಗಡಸಿಂದು ಯಾಕ ಮಾಡಬೇಕು ಅಂತೀರಿ. ಯಾಕಂದ್ರ ಮೆತ್ತಗಾಗೂದು, ಹಿಗ್ಗೂದು ಏನದನೋ ಅದನ್ನ ನಿಮ್ಮ ಒಲಿಯೊಳಗ ಮುಗಿಸಿ, ಆಮ್ಯಾಲೆ ಲೇಥಿಗೆ ಹಾಕಿ ಅಳತಿಗೆ ತರ್ತೀರಿ, ಮುಂದ ಎಂಜಿನ್ ಒಳಗ ಅದು ಬದಲಾಗೂದು ಭಾಳ ಕಮ್ಮಿ. ಪಾರ್ಟಿಗೆ 120 ತೋರಿಸಿ ಶಭಾಷ್ ಅನಿಸ್ಕೊಳ್ಳೂದು ಸುಲಭ, 80 ತೋರಿಸಿ ಇದ ಛಲೋ ಅಂತ ಒಪ್ಪಿಸೂದು ತ್ರಾಸು, ನನಗ ಗೊತ್ತದ. ಒಮ್ಮೆ ಒಬ್ಬ ಖರೀದಿ ಆಫೀಸರ್ ನಾ ಕಳಿಸಿದ ಇಡೀ ಲಾಟ್ ವಾಪಸ್ ಮಾಡಿದ್ದ, ಗಡಸುತನ ಕಮ್ಮಿ ಅಂತ! ಎರಡು ಪಿಸ್ಟನ್ ತಗೊಂಡು, ಒಂದು ನಮ್ದು ಒಂದು ಅವಂಗ ಬೇಕಾದ 120ರದ್ದು, ಅವನ ಎದುರಿಗೇ ಓವನ್ನಿನ್ಯಾಗ 300ಕ್ಕೆ ಇಟ್ಟು ನಾಕು ದಿನ ಬಿಟ್ಟು ತೆಗದೆ. ಎರಡೂ ಹೆಚ್ಚು ಕಮ್ಮಿ ಒಂದ ಗಡಸಿಗೆ ಬಂದಿದ್ವು, ಆದ್ರ ಅವಂದು ಮೈಕ್ರೋಮೀಟರಿಗೆ ದಪ್ಪ ಬಂದಿತ್ತು, ನಮ್ದು ಇದ್ದಂಗ ಇತ್ತು. ಅವ ಏನೂ ಅನ್ನಲಿಲ್ಲ, ಚಾ ತರಿಸಿದ.

ಹಂಗಾದ್ರ ಕಾವು ತಡಿಯೂದು ಯಾವುದು, ಎಲ್ಲಾ ಕಣಾನೂ ಬೆಳದು ಹಾಳಾಗ್ತಾವು ಅಂದ್ರ ಪಿಸ್ಟನ್ ನಿಂತದ್ದು ಯಾತರ ಮ್ಯಾಲೆ? ಅದಕ್ಕ ನಿಕ್ಕಲ್. ಎಲ್‌ಎಂ13ನ್ಯಾಗ ಸಿಲಿಕಾನ್ 10ರಿಂದ 13, ತಾಮ್ರ ಒಂದರ ಆಸುಪಾಸು, ಮೆಗ್ನೀಷಿಯಂ ಒಂದರ ಆಸುಪಾಸು, ನಿಕ್ಕಲ್ ಒಂದೂವರಿ ತನಕ ಇರ್ತದ. ನಿಕ್ಕಲ್ ಗಟ್ಟಿ ಅಲ್ಯೂಮಿನಿಯಂನ್ಯಾಗ ಕರಗೂದು ಇಲ್ಲ ಅನ್ನೂವಷ್ಟು ಕಮ್ಮಿ. ಹೊಯ್ದು ಆರೂ ಮುಂದ ಅಲ್ಯೂಮಿನಿಯಂ, ತಾಮ್ರ, ಕಬ್ಬಿಣದ ಜೋಡಿ ಸೇರಿ ಬಿರುಸು ಹಾಳಿ ಹಾಳಿ ಆಗಿ, ಸಿಲಿಕಾನ್ ಜೋಡಿ ಒಂದಕ್ಕೊಂದು ಹೆಣಕೊಂಡು ಮೀನು ಹಿಡಿಯೂ ಬಲಿಯಂಥಾ ಬಲಿ ಕಟ್ಟತಾವು. ಕರಗದ ಮ್ಯಾಲೆ ಬೆಳಿಯೂದೆಲ್ಲಿ, ಅಣು ಹರದು ಬರಬೇಕಲ್ಲ. 350 ಡಿಗ್ರಿಗೆ ಅಲ್ಯೂಮಿನಿಯಂ ತನ್ನ ಕೈ ಚೆಲ್ಲಿದಾಗ ಈ ಬಲಿ ಭಾರ ಹೊರತದ. ಮೊದಲನೇ ಮಹಾಯುದ್ಧದ ಹೊತ್ತಿಗೆ ಇಂಗ್ಲೆಂಡಿನ ನ್ಯಾಷನಲ್ ಫಿಸಿಕಲ್ ಲ್ಯಾಬೊರೇಟರಿಯವರು ಮಾಡಿದ ವೈ-ಅಲಾಯ್ ಅಂತದ, ತಾಮ್ರ 4, ನಿಕ್ಕಲ್ 2, ಮೆಗ್ನೀಷಿಯಂ ಒಂದೂವರಿ, ಅವಾಗಿಂದ ಇದ ನಿಕ್ಕಲ್ ವಿದ್ಯಾ ನಡಕೋತ ಬಂದದ. ಇವತ್ತಿನ ಬಿರುಸು ಡೀಸೆಲ್ ಪಿಸ್ಟನ್ನಿನ್ಯಾಗ ಸಿಲಿಕಾನ್ 12ಕ್ಕೆ ತಾಮ್ರ 4, ನಿಕ್ಕಲ್ 2 ಹಾಕ್ತಾರ. ಇನ್ನೂ ಹಾಕಿದ್ರ ಇನ್ನೂ ಛಲೋ ಅಲ್ಲೇನು ಅಂದ್ರ ಅಲ್ಲ, ಪಿಸ್ಟನ್ ಗಾಜಿನಂಗ ಆಗ್ತದ, ಕಾವು ದಾಟಸೂ ಶಕ್ತೀನೂ ಇಳೀತದ, ಬೌಲಿನ, ಅಂದ್ರ ಪಿಸ್ಟನ್ ತಲಿಯೊಳಗಿನ ತಗ್ಗಿನ, ಅಂಚಿನ್ಯಾಗ ಕೂದಲಿನಂಥಾ ಬಿರುಕು ಶುರು ಆಗ್ತಾವು.

ಸಿಲಿಕಾನ್ ಯಾಕ ಅಷ್ಟು ಅಂತ ಕೇಳಿಲ್ಲ ನೀವು, ಆದ್ರೂ ಹೇಳ್ತೇನಿ. ಅಲ್ಯೂಮಿನಿಯಂ-ಸಿಲಿಕಾನ್ ಜೋಡಿ 12.6 ಪರ್ಸೆಂಟಿಗೆ, 577 ಡಿಗ್ರಿಗೆ ಒಮ್ಮೆಲೆ ಗಟ್ಟಿ ಆಗ್ತದ, ಅದಕ್ಕ ಡೈಯೊಳಗ (ಎರಕದ ಅಚ್ಚು) ನೀರಿನಂಗ ಹರೀತದ. ಎರಡನೇದು ಹಿಗ್ಗೂ ಲೆಕ್ಕ. ಅಚ್ಚ ಅಲ್ಯೂಮಿನಿಯಂ ಒಂದು ಡಿಗ್ರಿಗೆ ಮೀಟರಿಗೆ ಸುಮಾರು 23 ಮೈಕ್ರಾನ್ ಹಿಗ್ಗತದ, 12 ಪರ್ಸೆಂಟ್ ಸಿಲಿಕಾನ್ ಇದ್ದದ್ದು 20ರ ಹತ್ರ, ಎರಕದ ಕಬ್ಬಿಣದ ಲೈನರ್ 11ರ ಹತ್ರ. ನಿಮ್ಮ 90 ಎಂಎಂ ಪಿಸ್ಟನ್ 200 ಡಿಗ್ರಿ ಏರಿದ್ರ ಅಚ್ಚ ಅಲ್ಯೂಮಿನಿಯಂ ಆಗಿದ್ರ 0.41 ಎಂಎಂ, ಎಲ್‌ಎಂ13 ಆದ್ರ 0.36. ಲೈನರ್ ನೂರು ಡಿಗ್ರಿ ಏರಿದ್ರ ಅದರ ಬಾಯಿ 0.1 ಅಗಲ ಆತು. ಆ 0.05 ಉಳಿತಾಯಕ್ಕ ಜನ ಇಡೀ ಜೀವನ ಕಳದಾರ.

ಟ್ರ್ಯಾಕ್ಟರ್ ಪಿಸ್ಟನ್ ಕೊಯ್ದ ಸುದ್ದಿ ಈಗ. ಉದ್ದಕ ಎರಡು ಹೋಳು ಮಾಡಿ, ಪಾಲಿಶ್ ಹೊಡದು, ತಲಿಯ ನಡುವಿಂದ ಹಿಡದು ಸ್ಕರ್ಟಿನ ಕೆಳಗಿನ ತನಕ 5 ಎಂಎಂಗೆ ಒಂದರಂಗ ಗಡಸುತನದ ಗುದ್ದು ಹಾಕಿದ್ವಿ. ಸ್ಕರ್ಟಿನ ಕೆಳಗ ಹೊಸಾದು ಇದ್ದಷ್ಟ ಇತ್ತು. ಮ್ಯಾಲೆ ಬಂದಂಗ ಇಳಕೋತ ಬಂತು, ಬೌಲಿನ ಅಂಚಿನ್ಯಾಗ ಅರ್ಧಕ್ಕ ಬಂದಿತ್ತು. ಆಮ್ಯಾಲೆ ಅದ ಅಲಾಯಿಂದು ಹೊಸ ತುಂಡು ತಗೊಂಡು 200, 250, 300, 350ಕ್ಕೆ ಅಷ್ಟ ತಾಸು ಓವನ್ನಿನ್ಯಾಗ ಇಟ್ಟು ಗಡಸುತನ ಅಳದು ಒಂದು ಗೆರಿ ಎಳದ್ವಿ, ಪಿಸ್ಟನ್ನಿನ ಒಂದೊಂದು ಗುದ್ದಿನ ನಂಬರ್ ಆ ಗೆರಿ ಮ್ಯಾಲೆ ಇಟ್ರ ಆ ಜಾಗ ಎಂಜಿನ್ ಒಳಗ ಎಷ್ಟು ಕಾವು ಕಂಡಿತ್ತು ಅಂತ ತಾನ ಹೇಳ್ತದ. ಪಿಸ್ಟನ್ನ ಥರ್ಮಾಮೀಟರ್. ದೊಡ್ಡ ಕಂಪನಿಯವರೂ ಈ ಪದ್ಧತಿ ಬಳಸ್ತಾರ, ಉಳದ ಗಡಸುತನದ ಪದ್ಧತಿ ಅಂತ, ರೊಕ್ಕ ಏನೂ ಹತ್ತೂದಿಲ್ಲ. ನಿಮ್ಮ ಕಡೆ ಹಾಳಾದ ಪಿಸ್ಟನ್ ಅದಾವಲ್ಲ, ಅವನ್ನ ಮೋಡಕಾಕ್ಕ ಹಾಕಬ್ಯಾಡ್ರಿ, ಅವು ಈಗ ನಿಮಗ ಬಂಗಾರ.

ಯಾಕ ಇಷ್ಟು ಹೇಳ್ತೇನಿ ಅಂದ್ರ, ಕಾವು ಎಷ್ಟು ಅಂತ ಗೊತ್ತಿಲ್ಲದ ಅಲಾಯ್ ಹುಡುಕೂದು ಅಳತಿ ಇಲ್ಲದ ಅಂಗಿ ಹೊಲಿಸಿದಂಗ. ಎಂಜಿನ್ ಅಂದ್ರ ಒಂದ ಕಾವಲ್ಲ. ಪೆಟ್ರೋಲ್ ಪಿಸ್ಟನ್ ತಲಿ 250–300, ಡೀಸೆಲ್ ಬೌಲ್ ಅಂಚು 350–400, ಸಿಲಿಂಡರ್ ಹೆಡ್ಡಿನ ಎರಡು ವಾಲ್ವಿನ ನಡುವಿನ ಸೇತುವಿ 200–250, ಎಕ್ಸಾಸ್ಟ್ ವಾಲ್ವ್ 700 ದಾಟ್ತದ, ಟರ್ಬೋ ಬಾಯಿಗೆ ಬರೂ ಪೆಟ್ರೋಲ್ ಹೊಗಿ 950–1050. ಒಂದ ಲೋಹ ಎಲ್ಲಾ ಕಡೆ ಹಾಕಲಿಕ್ಕೆ ಆಗೂದಿಲ್ಲ. ಎಕ್ಸಾಸ್ಟ್ ವಾಲ್ವಿಗೆ ಇವತ್ತಿಗೂ ಕ್ರೋಮಿಯಂ-ಮ್ಯಾಂಗನೀಸ್ ಸ್ಟೀಲ್, ಇಲ್ಲಾ ನಿಕ್ಕಲ್ ಅಲಾಯ್, ಕಾವು ಭಾಳ ಆದ್ರ ಅದರ ಹೊಟ್ಟಿ ಪೊಳ್ಳು ಮಾಡಿ ಸೋಡಿಯಂ ತುಂಬ್ತಾರ, 98 ಡಿಗ್ರಿಗೆ ಕರಗಿ ಒಳಗ ಕುಲುಕಾಡಿಕೋತ ತಲಿ ಕಾವು ಕಾಂಡಕ್ಕ ಹೊತ್ತು ತರ್ತದ. ಆ ಐಡಿಯಾ ನನಗ ಇವತ್ತಿಗೂ ಮೋಜು ಅನಸ್ತದ.

ಟೈಟೇನಿಯಂ ಕೇಳೀರಿ. ಇದರಾಗ ಎರಡು ಬ್ಯಾರೆ ಬ್ಯಾರೆ ಮಾತು ಕಲಸಿ ಹೋಗ್ಯಾವು. ಅಲ್ಯೂಮಿನಿಯಂ ಒಳಗ 0.1–0.2 ಪರ್ಸೆಂಟ್ ಟೈಟೇನಿಯಂ ಹಾಕೂದು ಲೋಹದೊಳಗಿನ ಹರಳಿನ ಕಾಳು (ಗ್ರೇನ್) ಸಣ್ಣ ಮಾಡಲಿಕ್ಕೆ ಅಷ್ಟ, ಕಾವಿಗಲ್ಲ. ಇನ್ನ ಇಡೀ ಭಾಗಾನ ಟೈಟೇನಿಯಂನ್ಯಾಗ ಮಾಡೂದು ಬ್ಯಾರೆ. ಸಾಂದ್ರತೆ 4.5, ಕಬ್ಬಿಣ 7.87, ಅಲ್ಯೂಮಿನಿಯಂ 2.7, ಅಂದ್ರ ಸ್ಟೀಲಿಗಿಂತ ಹಗುರ, ಅಲ್ಯೂಮಿನಿಯಂಗಿಂತ ಭಾರ. ಹೋಂಡಾದವರು 1990ರ ಎನ್‌ಎಸ್‌ಎಕ್ಸ್ ಕಾರಿಗೆ ಟೈಟೇನಿಯಂ ಕನೆಕ್ಟಿಂಗ್ ರಾಡ್ ಹಾಕಿದ್ರು, ಟೊಯೊಟಾದವರು 1998ರ ಅಲ್ಟೆಝಾಕ್ಕ ಟೈಟೇನಿಯಂ ಬೋರೈಡ್ ಕಣ ಬೆರಸಿದ ಟೈಟೇನಿಯಂ ವಾಲ್ವ್ ಮಾಡಿದ್ರು, ಪುಡಿ ಒತ್ತಿ ಬೇಯಿಸಿ. ಮಿತ್ಸುಬಿಷಿ ಲ್ಯಾನ್ಸರ್ ಎವೊಲ್ಯೂಷನ್ 6ರಾಗ ಟರ್ಬೋ ಚಕ್ರ ಟೈಟೇನಿಯಂ-ಅಲ್ಯೂಮಿನೈಡ್‌ಲೆ ಮಾಡಿದ್ರು, ಅದರ ಸಾಂದ್ರತೆ 4ರ ಆಸುಪಾಸು, ನಿಕ್ಕಲ್ ಚಕ್ರದ ಅರ್ಧಾ, ಕಾಲು ಒತ್ತಿದ ಕೂಡ್ಲೆ ಲಗೂನ ತಿರಗತದ. ಇದೆಲ್ಲಾ ಖರೆ. ಆದ್ರ ಕರಗಿದ ಟೈಟೇನಿಯಂ, 1668 ಡಿಗ್ರಿ, ನಿಮ್ಮ ಮೂಸಿ, ನಿಮ್ಮ ಗಾಳಿ ಎಲ್ಲಾ ತಿಂದು ಬಿಡ್ತದ, ವ್ಯಾಕ್ಯೂಮ್ ಭಟ್ಟಿ ಬೇಕು, ತಣ್ಣೀರು ಸುತ್ತೂ ತಾಮ್ರದ ಮೂಸಿ ಬೇಕು. ತಾರಿಹಾಳದ ತೈಲದ ಭಟ್ಟಿಯೊಳಗ ಅದರ ಹೆಸರೂ ತಗೀಬ್ಯಾಡ್ರಿ.

ಸ್ಕ್ಯಾಂಡಿಯಂ ಅಂತೂ ಓದಲಿಕ್ಕೆ ಭಾಳ ರುಚಿ. ಅದರ ಕಣ ಅಲ್ಯೂಮಿನಿಯಂ ಹಂದರಕ್ಕ ಹೆಚ್ಚು ಕಮ್ಮಿ ಸರಿಯಾಗಿ ಕುಂದ್ರತದ, ಸ್ಕ್ಯಾಂಡಿಯಂ ಅಣು ಅಲ್ಯೂಮಿನಿಯಂ ಒಳಗ ಎತ್ತಿನ ಬಂಡಿ ಗತೆ ಸಾವಕಾಶ ನಡೀತದ, ಹಿಂಗಾಗಿ 300 ಡಿಗ್ರಿ ತನಕ ಕಣ ಸಣ್ಣದ ಇರ್ತಾವು. ಝರ್ಕೋನಿಯಂ ಜೋಡಿ ಹಾಕಿದ್ರ ಅದು ಹೊರಗಿನ ಸಿಪ್ಪಿ ಆಗಿ ಇನ್ನೂ ಗಟ್ಟಿ. ಆದ್ರ ಎರಡು ತೊಡಕು. ಒಂದು ರೇಟು, ಅದು ನಿಮಗೂ ಗೊತ್ತದ. ಎರಡನೇದು ಯಾರೂ ಹೇಳೂದಿಲ್ಲ, ಸಿಲಿಕಾನ್ ಇದ್ದ ಅಲಾಯಿಗೆ ಸ್ಕ್ಯಾಂಡಿಯಂ ಹಾಕಿದ್ರ ಸಿಲಿಕಾನ್ ಅದನ್ನ ಹಿಡಕೊಂಡು ಬ್ಯಾರೆ ದಪ್ಪ ಸಂಯುಕ್ತ ಮಾಡಿ ಕೂಡಸ್ತದ, ನಿಮ್ಮ ರೊಕ್ಕ ಎಲ್ಲಾ ಅಲ್ಲೇ ಹೂಳಿ ಹೋಗ್ತದ. ಪಿಸ್ಟನ್ ಅಲಾಯ್ ಅಂದ್ರ ಸಿಲಿಕಾನ್ ಅಲಾಯ್. ಮುಗೀತಲ್ಲ.

ಹೊಸಾದು ಅಂದ್ರ ನನ್ನ ಮನಸ್ಸಿಗೆ ಬಂದದ್ದು ಬ್ಯಾರೆ ಎರಡು. ಅಮೆರಿಕಾದ ಓಕ್ ರಿಜ್ ನ್ಯಾಷನಲ್ ಲ್ಯಾಬೊರೇಟರಿಯವರು ಕಾರು ಕಂಪನಿ ಫಿಯೆಟ್ ಕ್ರೈಸ್ಲರ್, ಎರಕದ ಕಂಪನಿ ನೆಮಾಕ್ ಜೋಡಿ ಸೇರಿ ಸಿಲಿಂಡರ್ ಹೆಡ್ಡಿಗೆ ಮಾಡಿದ ತಾಮ್ರ-ಮ್ಯಾಂಗನೀಸ್-ಝರ್ಕೋನಿಯಂ ಅಲ್ಯೂಮಿನಿಯಂ, ಅದಕ್ಕ ಎಸಿಎಂಝಡ್ ಅಂತಾರ. ಅದರೊಳಗಿನ ಜಾಣತನ ನೋಡ್ರಿ, ತಾಮ್ರದ ಕಣ ಹಳೇವ, ಆದ್ರ ಮ್ಯಾಂಗನೀಸ್, ಝರ್ಕೋನಿಯಂ ಅಣು ಹೋಗಿ ಆ ಕಣದ ಮೈಗೆ ಅಂಟ್ಕೊಂಡು ಕಣ ಬೆಳೀದಂಗ ತಡೀತಾವು, 200–250ಕ್ಕೆ ಕೈ ಚೆಲ್ಲೂ ಕಣ 300–350ರ ತನಕ ನಿಲ್ತಾವು. ಇನ್ನೊಂದು ಸೀರಿಯಂ. ರೇರ್ ಅರ್ತ್ ಗಣಿಯೊಳಗ ನಿಯೋಡೈಮಿಯಂ ತೆಗಿಯೂ ಮುಂದ ಸೀರಿಯಂ ಬ್ಯಾಡಂದ್ರೂ ರಾಶಿ ಬೀಳ್ತದ, ಗಿರಾಕಿ ಇಲ್ಲ. ಅದು ಗಟ್ಟಿ ಅಲ್ಯೂಮಿನಿಯಂನ್ಯಾಗ ಕರಗೂದ ಇಲ್ಲ, ಆ ನಿಕ್ಕಲ್ ಬಲಿಯ ಕಥೀನ ಇದು, ಇನ್ನೂ ಸಣ್ಣ ಹೆಣಿಕಿಲೆ, ಹೀಟ್ ಟ್ರೀಟ್‌ಮೆಂಟ್ ಇಲ್ಲದನ ಕಾವಿಗೆ ನಿಲ್ಲತದ. ಓಕ್ ರಿಜ್, ಏಮ್ಸ್ ಲ್ಯಾಬ್, ಎಕ್ ಇಂಡಸ್ಟ್ರೀಸ್ ಅನ್ನೂ ಫೌಂಡ್ರಿ ಸೇರಿ ಇದನ್ನ ಹೊಯ್ದು ತೋರಿಸ್ಯಾರ. ನೋಡ್ರಿ, ಫೌಂಡ್ರಿ ಜೋಡಿ ಇತ್ತು ಅನ್ನೂದು ನನಗ ಸೇರಿದ ಮಾತು. ಲ್ಯಾಬಿನ್ಯಾಗ 200 ಗ್ರಾಂ ಗುಂಡಿ ಕರಗಿಸಿ ಛಲೋ ಬಂತು ಅಂದ ಅಲಾಯ್ ಡೈಯೊಳಗ ಬಿರುಕು ಬಿಟ್ಟದ್ದು ನಾ ಎಷ್ಟು ನೋಡೇನಿ. ಸಿಲಿಕಾನ್ ಇಲ್ಲದ ತಾಮ್ರದ ಅಲಾಯ್ ಆರೂ ಮುಂದ ಅಂಬಲಿ ಗತೆ ಭಾಳ ಹೊತ್ತು ಅರ್ಧಾ ಗಟ್ಟಿ ಅರ್ಧಾ ತೆಳ್ಳಗ ಇರ್ತದ, ಆವಾಗ ಕುಗ್ಗಿ ಹರೀತದ, ಹಾಟ್ ಟೇರ್. ನಿಮ್ಮ ಈಗಿನ ಡೈ, ಈಗಿನ ರೈಸರ್ (ಲೋಹ ಕುಗ್ಗಿದಾಗ ತುಂಬಿಕೊಡೂ ಬಾಯಿ) ಅದಕ್ಕ ಬರೂದಿಲ್ಲ.

ಝರ್ಕೋನಿಯಂ ಮಾತು ಬಂತಲ್ಲ, ನಿಮ್ಮಂಥಾವರು ಯೂಟ್ಯೂಬ್ ನೋಡಿ ಅದನ್ನೂ ಹಾಕಲಿಕ್ಕೆ ಹೋಗ್ತೀರಿ ಅಂತ ಮೊದ್ಲ ಹೇಳ್ತೇನಿ. ಭಟ್ಟಿ ಕಾವು ಕಮ್ಮಿ ಇದ್ರ ಝರ್ಕೋನಿಯಂ ಕರಗೂದಿಲ್ಲ, ಸೂಜಿ ಸೂಜಿ ಆಗಿ ತಳಕ್ಕ ಕೂಡ್ತದ. ಕಾವು ಏರಿಸಿದ್ರ ಹೈಡ್ರೋಜನ್ ಹೀರ್ಕೋತದ. ಮ್ಯಾಲೆ ನೀವು ಹಾಕೂ ಟೈಟೇನಿಯಂ-ಬೋರಾನ್ ಗ್ರೇನ್ ರಿಫೈನರ್ ಕೆಲಸಾನ ಅದು ಕೆಡಸ್ತದ. ಸ್ಟ್ರಾನ್ಷಿಯಂ-ಫಾಸ್ಫರಸ್ಸಿಂದು ಇಂಥಾದ ಜಗಳ, ಒಂದು ಸಿಲಿಕಾನ್ ಹೆಣಿಕಿ ಸಣ್ಣ ಮಾಡಲಿಕ್ಕೆ, ಇನ್ನೊಂದು ದಪ್ಪ ಸಿಲಿಕಾನ್ ಹರಳು ಸಣ್ಣ ಮಾಡಲಿಕ್ಕೆ, ಎರಡೂ ಒಂದ ಮೂಸಿಗೆ ಬಿದ್ರ ಒಂದನ್ನೊಂದು ತಿಂದು ಎರಡೂ ಕೆಲಸ ಆಗೂದಿಲ್ಲ. ಅಲಾಯ್ ಅಂದ್ರ ಬರೇ ಮಸಾಲಿ ಕೂಡಿಸೂದಲ್ಲ.

ಈಗ ನಿಮ್ಮ ಭಟ್ಟಿ ಮನಿಗೆ ಬರೂಣು, ನನಗ ನಿಮ್ಮ ಪತ್ರದಾಗ ಇಲ್ಲದ ಮಾತಿನದ ಚಿಂತಿ ಹೆಚ್ಚು. ಎಲ್‌ಎಂ13 ಅಂತ ಬರದೀರಿ, ಇಂಗಾಟ್ (ಅಲಾಯಿನ ಹೊಸ ಗಟ್ಟಿ) ತಂದು ಹೊಯ್ದೀರೋ, ಇಲ್ಲಾ ಹಳೇ ಪಿಸ್ಟನ್ ಕರಗಿಸಿದ್ರೋ? ಹಳೇ ಪಿಸ್ಟನ್ ಕರಗಿಸೂದು ತಪ್ಪಲ್ಲ, ಆದ್ರ ಮೋಡಕಾದವನ ಚೀಲದಾಗ ಪಿಸ್ಟನ್ ಜೋಡಿ ಗೇರ್‌ಬಾಕ್ಸ್ ಕವರ್, ಕಾರ್ಬ್ಯುರೇಟರ್, ರಿಂಗಿನ ಚೂರು, ಪಿನ್ ಎಲ್ಲಾ ಬರ್ತಾವು. ಕಬ್ಬಿಣ ಒಂದು ಪರ್ಸೆಂಟ್ ದಾಟಿತಂದ್ರ ಸಿಲಿಕಾನ್ ಜೋಡಿ ಸೇರಿ ಉದ್ದುದ್ದ ಸೂಜಿ ಆಗ್ತದ, ಬಿರುಕಿಗೆ ಸಿದ್ಧ ದಾರಿ. ಒಮ್ಮೆ ಸೇರಿದ ಕಬ್ಬಿಣ ತೆಗಿಯೂದು ನಿಮ್ಮ ಕೈಲೆ ಆಗೂದಿಲ್ಲ, ಮ್ಯಾಂಗನೀಸ್ ಹಾಕಿ ಅದರ ಆಕಾರ ಸುಧಾರಿಸಬಹುದು ಅಷ್ಟ, ಇಲ್ಲಾ ಹೊಸ ಇಂಗಾಟ್ ಬೆರಸಿ ತೆಳು ಮಾಡಬೇಕು. ಸತು ಬಂದ್ರ ಇನ್ನೊಂದು ತಲಿಬ್ಯಾನಿ. ಯಾವ ಲೋಹ ಎಷ್ಟು ಅದ ಅಂತ ತೋರಿಸೂ ಒಂದು ಸ್ಪೆಕ್ಟ್ರೋ ರಿಪೋರ್ಟ್ ಮಾಡಿಸ್ರಿ, ಹುಬ್ಬಳ್ಳಿಯೊಳಗ ಆಗದಿದ್ರ ಬೆಳಗಾವಿ ಉದ್ಯಮಬಾಗಕ್ಕ ಹೋಗಿ ಬರ್ರಿ, ಫೌಂಡ್ರಿ ಊರದು, ಅಲ್ಲೆ ಇದು ದಿನಾ ನಡಿಯೂ ಕೆಲಸ.

ಮಳಿಗಾಲದ್ದು ಇನ್ನೊಂದು. ನಮ್ಮ ಧಾರವಾಡ ಕಡೆ ಜುಲೈ ತಿಂಗಳದಾಗ ಗೋಡಿ ಮುಟ್ಟಿದ್ರ ನೀರು, ಇಂಗಾಟ್ ಮೈಯೊಳಗೂ ನೀರು. ಕರಗಿದ ಅಲ್ಯೂಮಿನಿಯಂ ನೀರಿನ ಆಮ್ಲಜನಕ ಕಿತಕೊಂಡು ಹೈಡ್ರೋಜನ್ ಹೊಟ್ಟಿಗೆ ಹಾಕ್ಕೋತದ. ಕರಗೂ ಬಿಂದುವಿನ ಹತ್ರ ತೆಳ್ಳಗಿದ್ದಾಗ ನೂರು ಗ್ರಾಂಗೆ 0.69 ಸಿಸಿ ಹಿಡೀತದ, ಗಟ್ಟಿ ಆದ ಕೂಡ್ಲೆ 0.036, ಇಪ್ಪತ್ತು ಪಟ್ಟು ಫರಕು, ಉಳದ ಗ್ಯಾಸ್ ಎಲ್ಲಿ ಹೋಗಬೇಕು, ಒಳಗ ತೂತಾಗಿ ಕೂಡ್ತದ. ಕಾವು ತಡಿಯೂ ಅಲಾಯ್ ಮಾಡಿ ಅದರೊಳಗ ತೂತಿಟ್ರ ತೂತಿನಿಂದ ಬಿರುಕು ಶುರು ಆಗ್ತದ, ಅಲಾಯಿನ ಹೆಸರು ಏನಿದ್ರೇನು. ನಾ ಕೆಲಸಕ್ಕ ಸೇರಿದ ಮೊದಲನೇ ಮಳಿಗಾಲದಾಗ ಹಸಿ ಸೌಟು ಭಟ್ಟಿಗೆ ಅದ್ದಿದ ಒಬ್ಬ ಹುಡುಗನ ಕೈ ಸುಟ್ಟಿತ್ತು, ಲೋಹ ಪಟಾಕ್ಷಿ ಗತೆ ಚಿಮ್ಮಿತ್ತು, ಆವತ್ತಿಂದ ಸೌಟು, ಇಂಗಾಟ್, ಫ್ಲಕ್ಸ್ ಎಲ್ಲಾ ಭಟ್ಟಿ ಬಾಯಿ ಮ್ಯಾಲೆ ಕಾಸದ ಒಳಗ ಬಿಡೂದಿಲ್ಲ ನಾನು. ಗ್ಯಾಸ್ ತೆಗಿಲಿಕ್ಕೆ ಇನ್ನೂ ಗುಳಿಗಿ ಮುಳುಗಿಸ್ತಿದ್ರ ಅದನ್ನ ಬಿಟ್ಟು ತಿರುಗೂ ರೋಟರಿಂದ ಆರ್ಗಾನ್ ಇಲ್ಲಾ ನೈಟ್ರೋಜನ್ ಹಾಯಿಸ್ರಿ, ಹೊಗಿ ಕುಡದು ಪುಪ್ಪಸ ಹಾಳು ಮಾಡ್ಕೊಳ್ಳೂದೂ ತಪ್ಪತದ.

ಮೊದಲನೇ ರಿಂಗ್ ಗ್ರೂವ್ ಅಗಲ ಆದದ್ದಕ್ಕ ಅಲಾಯ್ ಒಂದ ಉತ್ತರ ಅಲ್ಲ. ಡೀಸೆಲ್ ಪಿಸ್ಟನ್ ಮಾಡೂವರು ಆ ಜಾಗಕ್ಕ ನೈ-ರೆಸಿಸ್ಟ್ ಅನ್ನೂ ನಿಕ್ಕಲ್ ಎರಕದ ಕಬ್ಬಿಣದ ಒಂದು ಬಳಿ, ಕೈಬಳಿಯಂಥಾ ಸುತ್ತು, ಕೂಡಿಸಿ ಹೊಯ್ತಾರ. ಅದನ್ನ ಕರಗಿದ ಅಲ್ಯೂಮಿನಿಯಂನ್ಯಾಗ ಅದ್ದಿ, ಮೈಗೆ ಅಂಟಿಸಿ, ಬಿಸಿ ಇದ್ದಾಗ ಡೈಯೊಳಗ ಇಟ್ಟು ಸುತ್ತ ಲೋಹ ಹೊಯ್ಯೂದು, ಆಲ್ಫಿನ್ ಅಂತಾರ. ನಿಕ್ಕಲ್ ಭಾಳ ಹಾಕಿದ್ದರಿಂದ ಅದು ಸಾದಾ ಕಬ್ಬಿಣಕ್ಕಿಂತ ಹೆಚ್ಚು ಹಿಗ್ಗತದ, ಅಲ್ಯೂಮಿನಿಯಂ ಜೋಡಿ ಹೊಂದಿಕೋತದ. ನಿಮ್ಮ ಪಾರ್ಟಿ ಕೊಟ್ಟ ಮಾದರಿ ಪಿಸ್ಟನ್ ಒಳಗ ಆ ಬಳಿ ಇತ್ತೋ ಇಲ್ಲೋ ಅಯಸ್ಕಾಂತದಿಂದ ಗೊತ್ತಾಗೂದಿಲ್ಲ, ನೈ-ರೆಸಿಸ್ಟ್ ಅಯಸ್ಕಾಂತಕ್ಕ ಅಂಟೂದು ಇಲ್ಲ ಅನ್ನೂವಷ್ಟು ಕಮ್ಮಿ, ಕೊಯ್ದ ನೋಡಬೇಕು. ಇದ್ದು, ನೀವು ಬಿಟ್ಟು ಹೊಯ್ದಿದ್ರ, ಕಥಿ ಅಲ್ಲೇ ಮುಗೀತು. ಟೊಯೊಟಾದವರು 1980ರ ದಶಕದ ಶುರುವಿನ್ಯಾಗ ಇದ ಗ್ರೂವಿಗೆ ಅಲ್ಯೂಮಿನಾ-ಸಿಲಿಕಾ ನಾರು ಸೇರಿಸಿ ಬಳಿಯ ಭಾರ ಇಳಿಸಿದ್ರು, ಆದ್ರ ಅದಕ್ಕ ಒತ್ತಿ ಹೊಯ್ಯೂ ಸ್ಕ್ವೀಝ್ ಕಾಸ್ಟಿಂಗ್ ಪ್ರೆಸ್ ಬೇಕು.

ಭಾರದ ಮಾತು. ಹಗುರ ಯಾಕ ಬೇಕು ಅಂತ ಮಂದಿ ಗಾಡಿ ತೂಕ ಇಳಿಸಲಿಕ್ಕೆ ಅಂತಾರ, ಪಿಸ್ಟನ್ನಿನ್ಯಾಗ ಅದು ಸಣ್ಣ ಮಾತು. 80 ಎಂಎಂ ಸ್ಟ್ರೋಕ್ ಇದ್ದ ಪೆಟ್ರೋಲ್ ಎಂಜಿನ್ 6000 ಆರ್‌ಪಿಎಂಗೆ ಓಡೂ ಮುಂದ ಪಿಸ್ಟನ್ ಮ್ಯಾಲಿನ ತುದಿಗೆ ಬಂದು ತಿರುಗೂ ಹೊತ್ತಿಗೆ ಅದರ ಮ್ಯಾಲೆ ಬೀಳೂ ಎಳತ ಭೂಮಿಯ ಎಳತದ ಸುಮಾರು ಎರಡು ಸಾವಿರ ಪಟ್ಟು. 300 ಗ್ರಾಂ ಪಿಸ್ಟನ್ 600 ಕಿಲೋ ಆಗಿ ರಾಡಿಗೆ ಜೋತು ಬೀಳ್ತದ, ಆರು ಕ್ವಿಂಟಲ್ ಜ್ವಾಳದ ಚೀಲ, ಸೆಕೆಂಡಿಗೆ ನೂರು ಸಲ. 30 ಗ್ರಾಂ ತೆಗದ್ರ 60 ಕಿಲೋ ಇಳೀತು. ಆರ್‌ಪಿಎಂ ಎರಡು ಪಟ್ಟಾದ್ರ ಈ ಭಾರ ನಾಕು ಪಟ್ಟು. ಅದಕ್ಕ ರೇಸಿನವರು ಒಂದೊಂದು ಗ್ರಾಂಗೆ ಸಾಯ್ತಾರ, ಪೋರ್ಷೆಯವರು 2020ರಾಗ 911 ಜಿಟಿ2 ಆರ್‌ಎಸ್‌ಗೆ ಪುಡಿಯಿಂದ ಲೇಸರಿನ್ಯಾಗ ಪದರ ಪದರ ಕಟ್ಟಿ ಪಿಸ್ಟನ್ ಮಾಡಿ 10 ಪರ್ಸೆಂಟ್ ಇಳಿಸಿದ್ರು, ಅಲಾಯ್ ಮಾತ್ರ ಆ ಹಳೇ ಸಿಲಿಕಾನ್-ತಾಮ್ರ-ನಿಕ್ಕಲ್ಲಿಂದ. ಆದ್ರ ನಿಮ್ಮ ಡೀಸೆಲ್ 4000 ದಾಟೂದಿಲ್ಲ, ಅಲ್ಲೆ ಒತ್ತಡದ್ದ ರಾಜ್ಯ. ಮಜಾ ಏನಂದ್ರ ಒತ್ತಡ, ಕಾವು ಎರಡೂ ಏರಿ ಏರಿ, ಮರ್ಸಿಡಿಸ್‌ನವರು 2014ರಾಗ ಕಾರಿನ ಡೀಸೆಲ್ಲಿಗೆ ವಾಪಸ್ ಸ್ಟೀಲ್ ಪಿಸ್ಟನ್ ಹಾಕಿದ್ರು. ಭಾರ ಲೋಹ, ಆದ್ರ ತೆಳ್ಳಗ, ಗಿಡ್ಡ ಮಾಡಲಿಕ್ಕೆ ಬರ್ತದ. ಹಗುರ ಅನ್ನೂದು ಲೋಹದ ಗುಣ ಅಷ್ಟ ಅಲ್ಲ, ಆಕಾರದ್ದೂ ಹೌದು.

ಮೆಗ್ನೀಷಿಯಂ ನೀವು ಕೇಳಿಲ್ಲ, ಛಲೋ ಆತು. ಬಿಎಂಡಬ್ಲ್ಯೂದವರು ಎನ್52 ಎಂಜಿನ್ನಿನ ಕ್ರ್ಯಾಂಕ್‌ಕೇಸಿಗೆ ಸ್ಟ್ರಾನ್ಷಿಯಂ ಹಾಕಿದ ಮೆಗ್ನೀಷಿಯಂ ಬಳಸಿದ್ರು, ಅದೂ ಒಳಗ ಅಲ್ಯೂಮಿನಿಯಂ ಹೊಟ್ಟಿ ಇಟ್ಟು. ಪಿಸ್ಟನ್ನಿಗೆ ಅಲ್ಲ ಅದು.

ಹಂಗಾದ್ರ ನಿಮಗ ನಾ ಏನು ಮಾಡ್ರಿ ಅಂತೇನಿ. ಹೊಸ ಅಲಾಯ್ ಕನಸು ಬಿಡ್ರಿ ಅಂತಲ್ಲ, ಆದ್ರ ಆರು ತಿಂಗಳು ಮುಂದ ಹಾಕ್ರಿ. ಮೊದ್ಲ ಎಲ್‌ಎಂ13ನ್ನ ಸರಿಯಾಗಿ ಹೊಯ್ದು ಟಿಎಫ್7 ಮಾಡಿ ಮತ್ತ 150 ತಾಸು ಓಡಿಸ್ರಿ. ಅದರ ಜೋಡಿ ಅದ ಮೂಸಿಯೊಳಗ ತಾಮ್ರ 3–4ಕ್ಕೆ, ನಿಕ್ಕಲ್ 2ಕ್ಕೆ ಏರಿಸಿದ ಎರಡನೇ ಲಾಟ್ ಹೊಯ್ರಿ, ನಿಕ್ಕಲ್ಲನ್ನ ನೇರ ಹಾಕಬ್ಯಾಡ್ರಿ, ಮಾಸ್ಟರ್ ಅಲಾಯ್ (ಮೊದ್ಲ ಅಲ್ಯೂಮಿನಿಯಂ ಜೋಡಿ ಬೆರಸಿದ್ದು) ತರಸ್ರಿ. ತಾಮ್ರ ಏರಿಸಿದ್ದಕ್ಕ ಸೊಲ್ಯೂಷನ್ ಕಾವು ಇಳಿಸಬೇಕು, ಇಲ್ಲಾಂದ್ರ ತಾಮ್ರದ ಕಣದ ಹತ್ರ ಲೋಹ ಒಳಗಿಂದ ಒಳಗ ಕರಗಿ ಹುಣ್ಣಾಗ್ತದ, 500 ದಾಟಬ್ಯಾಡ್ರಿ ಮೊದ್ಲ. ಎರಡೂ ಲಾಟಿನಿಂದ ಒಂದೊಂದು ಡಜನ್ ಸರಳು ಹೊಯ್ದು, 300 ಡಿಗ್ರಿಗೆ 100 ತಾಸು ಇಟ್ಟು, ಆಮ್ಯಾಲೆ ಅದ 300 ಡಿಗ್ರಿ ಕಾವಿನ್ಯಾಗ ಇದ್ದಾಗನ ಎಳದು ನೋಡಬೇಕು, ತಣ್ಣಗ ಮಾಡಿ ಎಳದ ನಂಬರ್ ನಂಬಬ್ಯಾಡ್ರಿ. ಬಿಸಿಯೊಳಗ ಎಳಿಯೂ ಮಶೀನ್ ನಿಮ್ಮ ಕಡೆ ಇರೂದಿಲ್ಲ, ಹುಬ್ಬಳ್ಳಿಯ ಕೆಎಲ್‌ಇ ಟೆಕ್ನಾಲಾಜಿಕಲ್ ಯೂನಿವರ್ಸಿಟಿ ಇಲ್ಲಾ ಐಐಟಿ ಧಾರವಾಡದಾಗ ಮೆಕ್ಯಾನಿಕಲ್ ಮಾಸ್ತರನ್ನ ಹೋಗಿ ಭೆಟ್ಟಿ ಆಗ್ರಿ, ಸರಳಿನ ಜೋಡಿ ಖರೇ ಫೌಂಡ್ರಿ ಸಮಸ್ಯಾ ತಗೊಂಡು ಹೋದ್ರ ಪ್ರಾಜೆಕ್ಟ್ ಹುಡುಗೂರು ಸಿಗ್ತಾರ, ಬರೇ ಸರ್ಟಿಫಿಕೇಟ್ ಕೇಳಲಿಕ್ಕೆ ಹೋಗಬ್ಯಾಡ್ರಿ. ಪಿಸ್ಟನ್ ಕೆಳಗ ಎಣ್ಣಿ ಚಿಮ್ಮೂ ನಳಿಗಿ ಆ ಎಂಜಿನ್ನಿನ್ಯಾಗ ಅದ ಏನು ಅಂತ ಪಾರ್ಟಿಗೆ ಕೇಳ್ರಿ, ಅದರ ತೂತು ಮುಚ್ಚಿದ್ರ ಯಾವ ಅಲಾಯೂ ಉಳಿಸೂದಿಲ್ಲ, ಟೆಸ್ಟ್ ಬೆಂಚಿನವರು ಹಳೇ ಎಂಜಿನ್ ಇಟ್ಟಿದ್ರ ಅದ ಕಾರಣ ಇರಬಹುದು.

ಮತ್ತ ಆ ಜಾಮ್ ಆದ ಪಿಸ್ಟನ್ನ ಕೊಯ್ರಿ. ಗರಗಸಕ್ಕ ಕೊಡೂಕಿಂತ ಮೊದ್ಲ ಮಾರ್ಕರ್‌ಲೆ ತಲಿ ಮ್ಯಾಲೆ ಎಂಜಿನ್ನಿನ ಮುಂದಿನ ಕಡೆ ಯಾವುದು, ಥ್ರಸ್ಟ್ ಸೈಡ್ (ಪಿಸ್ಟನ್ ಲೈನರಿಗೆ ಹೆಚ್ಚು ಒತ್ತೂ ಕಡೆ) ಯಾವುದು ಅಂತ ಗುರ್ತು ಹಾಕ್ಕೊರಿ, ಕೊಯ್ಯೂ ಮುಂದ ತಣ್ಣೀರು ಬಿಡ್ರಿ, ಗರಗಸದ ಕಾವಿಗೇ ಅದು ಮೆತ್ತಗಾದ್ರ ನೀವು ಅಳಿಯೂದು ಎಂಜಿನ್ನಿನ ಕಾವಲ್ಲ, ಗರಗಸದ್ದು.